ಸೋರುವ ಬಾಗಿಲಿಗೆ ಅಂಟು ಮದ್ದಲ್ಲ

ಅಮೆರಿಕದಲ್ಲಿ ಹಳೆಯ ಶಾಲಾ ಬಸ್ಸನ್ನು ಕೊಂಡು, ಒಳಗಿನ ಆಸನಗಳನ್ನು ಕಿತ್ತು, ಅದನ್ನೇ ಮನೆಯಾಗಿ ಮಾರ್ಪಡಿಸಿಕೊಂಡು ಬಾಳುವವರ ಒಂದು ಪಂಗಡವೇ ಇದೆ. ಅಂಥ ಬಸ್ಸನ್ನು ಅವರು ಅಕ್ಕರೆಯಿಂದ 'ಸ್ಕೂಲಿ' ಎಂದು ಕರೆಯುತ್ತಾರೆ. ಆ ಮನೆಗಳ ಚಿತ್ರಗಳನ್ನು ನಮ್ಮಲ್ಲಿಯೂ ಅನೇಕರು ನೋಡಿದ್ದಾರೆ. ಮರದ ಹಲಗೆ ಹೊದಿಸಿದ ಗೋಡೆ, ಕಿಟಕಿಯ ಮಗ್ಗುಲಲ್ಲಿ ಮಂಚ, ಪುಟ್ಟ ಒಲೆ, ಕುಂಡದಲ್ಲೊಂದು ಗಿಡ. ಸಂಸಾರವೆಂಬುದನ್ನು ಇಷ್ಟು ಹಗುರವಾಗಿ ಸಾಗಿಸಬಹುದೇ ಎಂದು ನೋಡಿದವರು ಬೆರಗಾಗುತ್ತಾರೆ. ವರ್ಗಾವಣೆಯ ಆದೇಶ ಕೈಸೇರಿದಾಗಲೆಲ್ಲ ಲಾರಿ ಗೊತ್ತುಮಾಡಿ, ಪಾತ್ರೆಪಡಗಗಳನ್ನು ಗೋಣಿಯಲ್ಲಿ ಕಟ್ಟಿ, ಊರಿಂದೂರಿಗೆ ನಡೆಯುವ ನಮ್ಮಂಥ ಕೇಂದ್ರ ಸರ್ಕಾರದ ನೌಕರರಿಗೆ ಆ ಬೆರಗಿನಲ್ಲಿ ಒಂದಿಷ್ಟು ಹೊಟ್ಟೆಕಿಚ್ಚೂ ಬೆರೆತಿರುತ್ತದೆ. ಆದರೆ ಆ ಚಿತ್ರಗಳಲ್ಲಿ ಒಂದು ವಸ್ತುವಿಗೆ ಸಿಗಬೇಕಾದ ಮರ್ಯಾದೆ ಸಿಗುವುದಿಲ್ಲ. ಅದು ಹತ್ತುವ ಬಾಗಿಲು. ಮಂಚಕ್ಕೂ ಒಲೆಗೂ ಬಳಿದ ಬಣ್ಣಕ್ಕೂ ಹತ್ತು ಚಿತ್ರಗಳಿದ್ದರೆ, ಮಳೆ ಬಂದ ರಾತ್ರಿ ಆ ಬಾಗಿಲಿನ ಬುಡದಲ್ಲಿ ಹಾಸಿದ ಹಳೆಯ ಟವೆಲಿಗೆ ಒಂದೂ ಇರುವುದಿಲ್ಲ.

ಈ ಬಾಗಿಲಿನ ಸೋರಿಕೆಯನ್ನು ಕುರಿತು ನಮಗೆ ಒಂದು ಅಭಿಪ್ರಾಯವಿದೆ. ಮೇಲ್ನೋಟಕ್ಕೆ ಅದು ತೀರ ಚಿಕ್ಕ ವಿಷಯ. ಒಂದು ಟ್ಯೂಬು ಅಂಟು ತಂದು ಸಂದಿಗೆ ಬಳಿದರೆ ಮುಗಿಯಿತಲ್ಲ ಎಂದು ಯಾರಾದರೂ ಹೇಳಿಯಾರು. ಮುಗಿಯುವುದಿಲ್ಲ ಎಂಬುದೇ ನಮ್ಮ ವಾದ. ಗೋಡೆಯ ಸೋರಿಕೆಯನ್ನು ಮುಚ್ಚಬಹುದು. ಬಾಗಿಲಿನ ಸೋರಿಕೆಯನ್ನು ಮಾತ್ರ ಪಾಲಿಸಬೇಕಾಗುತ್ತದೆ, ಏಕೆಂದರೆ ಬಾಗಿಲು ದಿನಕ್ಕೆ ಹತ್ತು ಸಲ ತೆರೆಯಬೇಕು, ಹತ್ತು ಸಲ ಮುಚ್ಚಬೇಕು. ಒಂದು ವಾಹನವನ್ನು ಮನೆಯಾಗಿಸುವ ಕೆಲಸ ಬಣ್ಣ ಒಣಗಿದ ದಿನ ಪೂರೈಸುವುದಿಲ್ಲ. ಆ ಬಾಗಿಲಿನ ರಬ್ಬರನ್ನು ಮೊದಲ ಸಲ ಬದಲಾಯಿಸಿದ ದಿನದಿಂದಲೇ ಅದು ನಿಜವಾಗಿ ಮೊದಲಾಗುತ್ತದೆ.

ಈ ಮಾತನ್ನು ಸಮರ್ಥಿಸಬೇಕಾದರೆ, ಆ ಬಾಗಿಲು ಯಾರಿಗಾಗಿ ಹುಟ್ಟಿತು ಎಂಬುದನ್ನು ಮೊದಲು ನೋಡಬೇಕು. 1939ರ ಏಪ್ರಿಲ್ ತಿಂಗಳಿನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಫ್ರಾಂಕ್ ಸೈರ್ ಎಂಬ ಪ್ರಾಧ್ಯಾಪಕರು ಒಂದು ಸಮಾವೇಶ ಕರೆದರು. ಅಲ್ಲಿಯವರೆಗೆ ಮಕ್ಕಳು ತಮತಮಗೆ ದೊರೆತ ಬಗೆಬಗೆಯ ಗಾಡಿಗಳಲ್ಲಿ ಶಾಲೆಗೆ ಹೋಗುತ್ತಿದ್ದರು. ಆ ಸಮಾವೇಶವು ಶಾಲಾ ಬಸ್ಸಿಗೆ 44 ಮಾನದಂಡಗಳನ್ನು ಗೊತ್ತುಮಾಡಿತು. ಇಂದು ಲೋಕಪ್ರಸಿದ್ಧವಾಗಿರುವ ಆ ಹಳದಿ ಬಣ್ಣವೂ ಅಂದೇ ನಿಶ್ಚಯವಾಯಿತು. ಈಗ ಆ ದೇಶದಲ್ಲಿ ಸುಮಾರು 4.8 ಲಕ್ಷ ಶಾಲಾ ಬಸ್ಸುಗಳಿವೆಯೆಂದು ಹೇಳುತ್ತಾರೆ. ಸಾಮಾನ್ಯವಾಗಿ 12ರಿಂದ 15 ವರ್ಷ ದುಡಿದ ಮೇಲೆ ಅವುಗಳಿಗೆ ನಿವೃತ್ತಿ. ನಿವೃತ್ತವಾದ ಬಸ್ಸು ಹರಾಜಿನಲ್ಲಿ ಅಗ್ಗವಾಗಿ ದೊರೆಯುತ್ತದೆ. ಅದರ ಉಕ್ಕಿನ ಪಂಜರ ಗಟ್ಟಿ, ಇಂಜಿನು ಇನ್ನೂ ಓಡುವಂಥದು. ಕೊಂಡವರು ಹಳದಿ ಬಣ್ಣವನ್ನು ಬದಲಾಯಿಸಬೇಕು, ಮಿನುಗುವ ಕೆಂಪು ದೀಪಗಳನ್ನೂ ನಿಲುಗಡೆಯ ಫಲಕವನ್ನೂ ತೆಗೆಯಬೇಕು ಎಂದು ಅನೇಕ ರಾಜ್ಯಗಳ ಕಾನೂನು ಹೇಳುತ್ತದೆ. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಇನ್ನೊಂದು ಬಸ್ಸೂ ನೆನಪಾಗಬಹುದು. 1964ರಲ್ಲಿ ಕಾದಂಬರಿಕಾರ ಕೆನ್ ಕೀಸಿ 1939ರ ಮಾದರಿಯ ಶಾಲಾ ಬಸ್ಸೊಂದಕ್ಕೆ ಬಣ್ಣಬಣ್ಣ ಬಳಿಸಿ, ಗೆಳೆಯರನ್ನು ತುಂಬಿಕೊಂಡು ಆ ದೇಶವನ್ನು ಅಡ್ಡಡ್ಡ ದಾಟಿದ. ಆ ಯಾತ್ರೆಯ ಬಗ್ಗೆ ಪುಸ್ತಕಗಳೇ ಬಂದಿವೆ. ಬಾಗಿಲಿನ ಬಗ್ಗೆ ಅವುಗಳಲ್ಲಿ ಯಾರೂ ಹುಡುಕುವುದಿಲ್ಲ.

ಬಾಗಿಲಿನ ರಚನೆಯನ್ನು ಗಮನಿಸೋಣ. ಕೆಲವು ಬಸ್ಸುಗಳಲ್ಲಿ ಎರಡು ಕದಗಳು ಹೊರಗೆ ತೆರೆಯುತ್ತವೆ, ಕೆಲವುಗಳಲ್ಲಿ ಕದಗಳು ಮಡಚಿಕೊಂಡು ಪಕ್ಕಕ್ಕೆ ಸರಿಯುತ್ತವೆ. ಹಳೆಯ ಬಸ್ಸುಗಳಲ್ಲಿ ಚಾಲಕ ಕುಳಿತಲ್ಲಿಂದಲೇ ಒಂದು ಉದ್ದನೆಯ ಹಿಡಿಕೆಯನ್ನು ಎಳೆದರೆ, ಸರಳಿನ ಮೂಲಕ ಬಾಗಿಲು ತೆರೆಯುತ್ತದೆ. ಹೊಸವುಗಳಲ್ಲಿ ಆ ಕೆಲಸವನ್ನು ಗಾಳಿಯ ಒತ್ತಡವೋ ವಿದ್ಯುತ್ತೋ ಮಾಡುತ್ತದೆ. ಕದ ಕದವನ್ನು ಕೂಡುವ ಅಂಚಿನಲ್ಲಿ ಮೆತ್ತನೆಯ ರಬ್ಬರಿನ ಪಟ್ಟಿ ಇರುತ್ತದೆ. ಅದು ಅಲ್ಲಿ ಇರುವುದು ಮುಖ್ಯವಾಗಿ ಮಳೆಗಾಗಿ ಅಲ್ಲ. ಆರು ವರ್ಷದ ಮಗುವಿನ ಬೆರಳು ಅಕಸ್ಮಾತ್ತಾಗಿ ಸಂದಿನಲ್ಲಿ ಸಿಕ್ಕಿದರೆ ಜಜ್ಜಿಹೋಗಬಾರದು ಎಂಬುದಕ್ಕಾಗಿ. ಬಾಗಿಲಿನ ಒಳಗೆ, ನೆಲದ ಮಟ್ಟಕ್ಕಿಂತ ಕೆಳಗೆ, ಮೆಟ್ಟಿಲುಗಳ ಒಂದು ತಗ್ಗು ಇದೆ. ಮಕ್ಕಳ ಬೂಟುಗಳಿಂದ ಇಳಿದ ನೀರು, ಹಿಮ, ಕೆಸರು ಅಲ್ಲಿಯೇ ನಿಂತು ಹೊರಗೆ ಹರಿದುಹೋಗುತ್ತದೆ. ಮಗು ಬಸ್ಸಿನಲ್ಲಿ ಕುಳಿತಿರುವುದು ಅಬ್ಬಬ್ಬಾ ಎಂದರೆ ಒಂದು ಗಂಟೆ. ರಾತ್ರಿ ಬಸ್ಸಿನೊಳಗೆ ಯಾರೂ ಮಲಗುವುದಿಲ್ಲ.

ಹಾಗಾದರೆ ಆ ಬಾಗಿಲು ಸೋರುವುದು ದೋಷವೇ? ಅಲ್ಲವೆಂದು ನಮ್ಮ ಉತ್ತರ. ಮಗುವಿನ ಬೆರಳಿಗೆ ದಯೆಯಾಗಿದ್ದ ಸಂದೇ ಇಂದು ಮಲಗಿದವರ ತಲೆಗೆ ಮಳೆಯಾಗಿದೆ. ಬಾಗಿಲು ಬದಲಾಗಿಲ್ಲ, ಅದರಿಂದ ನಾವು ಬಯಸುವುದು ಬದಲಾಗಿದೆ. ಇದನ್ನು ಮನಗಾಣದೆ ಬಸ್ಸು ಕಟ್ಟಿದವರನ್ನು ಬೈಯುತ್ತ ಕೆಲಸಕ್ಕೆ ತೊಡಗುವವರು ತಪ್ಪು ಜಾಗದಲ್ಲಿ ಅಂಟು ಬಳಿಯುತ್ತಾರೆ.

ಹಾಗೆಂದು ಸೋರಿಕೆಯನ್ನು ಉಪೇಕ್ಷಿಸಬಹುದೆಂದಲ್ಲ. ಬಸ್ಸಾಗಿದ್ದಾಗ ಮೆಟ್ಟಿಲ ತಗ್ಗಿಗೆ ಬಿದ್ದ ನೀರು ಒಣಗುತ್ತಿತ್ತು. ಮನೆಯಾದ ಮೇಲೆ ಅದೇ ತಗ್ಗಿನ ಮೇಲೆ ಪ್ಲೈವುಡ್ ಕೂರುತ್ತದೆ, ಅದರ ಕೆಳಗೆ ಚಳಿ ತಡೆಯುವ ಪದರ ಸೇರುತ್ತದೆ, ಮೇಲೆ ಚಂದದ ಹಾಸು ಬರುತ್ತದೆ. ಈಗ ಒಳಗೆ ನುಗ್ಗಿದ ನೀರಿಗೆ ಹೊರಹೋಗುವ ದಾರಿಯಿಲ್ಲ. ಅದು ಕಣ್ಣಿಗೆ ಕಾಣದಂತೆ ಪ್ಲೈವುಡ್ಡನ್ನು ಊದಿಸುತ್ತದೆ, ಬೂಷ್ಟು ಹಿಡಿಸುತ್ತದೆ, ಕೆಳಗಿನ ಉಕ್ಕಿನ ತಗಡನ್ನು ತುಕ್ಕಿಗೆ ಒಪ್ಪಿಸುತ್ತದೆ. ಬಸ್ಸಿನ ಮೈಯಲ್ಲಿ ತುಕ್ಕು ಬೇಗನೆ ಹಿಡಿಯುವ ಜಾಗಗಳಲ್ಲಿ ಈ ಮೆಟ್ಟಿಲ ತಗ್ಗೂ ಒಂದು. ನೀರು ಬರುವ ಸಂದಿನಲ್ಲಿ ಚಳಿಗಾಳಿಯೂ ಬರುತ್ತದೆ, ಧೂಳೂ ಬರುತ್ತದೆ. ಬೆರಳು ತೂರುವಷ್ಟು ಸಂದಿದ್ದರೆ ಇಲಿಯೂ ಬರುತ್ತದೆ. ಇಡೀ ಬಸ್ಸಿಗೆ ಸಾವಿರಾರು ಡಾಲರು ಸುರಿದವರು ಬಾಗಿಲಿನ ಬುಡದಲ್ಲಿ ಟವೆಲು ಹಾಸಿ ಸುಮ್ಮನಾಗುವುದು, ನಮ್ಮ ದೃಷ್ಟಿಯಲ್ಲಿ, ಹೊಸ ಮನೆಗೆ ಹಳೆಯ ಸೋರಿಕೆಯನ್ನು ಬಾಡಿಗೆದಾರನಾಗಿ ಇಟ್ಟುಕೊಂಡಂತೆ.

ಚಿಕಿತ್ಸೆಗೆ ಮುಂಚೆ ರೋಗಪರೀಕ್ಷೆ ಆಗಬೇಕು. ಒದ್ದೆಯೆಲ್ಲ ಸೋರಿಕೆಯಲ್ಲ. ಮುಚ್ಚಿದ ಬಸ್ಸಿನೊಳಗೆ ನಾಲ್ವರು ಉಸಿರಾಡುತ್ತಾರೆ, ಅಡುಗೆ ಮಾಡುತ್ತಾರೆ. ಅಲ್ಲಿ ಬಹುತೇಕ ಬಳಸುವ ಪ್ರೊಪೇನ್ ಅನಿಲ 1 ಕಿಲೋ ಉರಿದರೆ ಸುಮಾರು 1.6 ಕಿಲೋ ನೀರು ಆವಿಯಾಗಿ ಹೊರಬೀಳುತ್ತದೆ. ಇದು ರಸಾಯನಶಾಸ್ತ್ರದ ಸರಳ ಲೆಕ್ಕ. ಆ ಆವಿ ಬಾಗಿಲಿನ ತಣ್ಣನೆಯ ಗಾಜಿಗೆ ತಗಲಿ ಬೆವರಾಗಿ ಇಳಿಯುತ್ತದೆ. ಅದನ್ನು ಮಳೆಯ ನೀರೆಂದು ಬಗೆದು ಹೊರಗಿನಿಂದ ಅಂಟು ಬಳಿದರೆ ಒಳಗಿನ ತೇವ ಇನ್ನೂ ಹೆಚ್ಚುತ್ತದೆ. ಮಳೆಯಿಲ್ಲದ ದಿನವೂ ಬೆಳಗ್ಗೆ ಗಾಜು ಒದ್ದೆಯಾಗಿದ್ದರೆ ಅದು ಬೆವರು. ಮಳೆ ಬಂದಾಗ ಮಾತ್ರ ಒದ್ದೆಯಾದರೆ ಅದು ಸೋರಿಕೆ. ಬೆವರಿಗೆ ಮದ್ದು ಗಾಳಿ, ಸೋರಿಕೆಗೆ ಮದ್ದು ರಬ್ಬರು. ಒಂದರ ಮದ್ದು ಇನ್ನೊಂದಕ್ಕೆ ವಿಷ.

ಸೋರಿಕೆಯೆಂದು ಖಚಿತವಾದ ಮೇಲೆ ಅದರ ಮೂಲ ಹುಡುಕಲು ದೊಡ್ಡ ಉಪಕರಣ ಬೇಡ. ಮೂರು ಸರಳ ಪರೀಕ್ಷೆಗಳು ಸಾಕು. ಮೊದಲನೆಯದು ಬೆಳಕಿನದು. ರಾತ್ರಿ ಒಬ್ಬರು ಹೊರಗೆ ನಿಂತು ಸಂದಿನುದ್ದಕ್ಕೂ ಟಾರ್ಚು ಹಿಡಿಯಬೇಕು, ಇನ್ನೊಬ್ಬರು ಒಳಗೆ ಕತ್ತಲಲ್ಲಿ ಕುಳಿತು ಬೆಳಕು ಎಲ್ಲೆಲ್ಲಿ ನುಸುಳುತ್ತದೆ ಎಂದು ಸೀಮೆಸುಣ್ಣದಿಂದ ಗುರುತು ಹಾಕಬೇಕು. ಎರಡನೆಯದು ಕಾಗದದ್ದು. ಕಾಗದದ ಪಟ್ಟಿಯನ್ನು ಸಂದಿನಲ್ಲಿಟ್ಟು ಬಾಗಿಲು ಮುಚ್ಚಿ ಎಳೆದರೆ, ರಬ್ಬರು ಒತ್ತುವಲ್ಲಿ ಅದು ಬಿಗಿಯಾಗಿ ಬರುತ್ತದೆ, ಒತ್ತದಿರುವಲ್ಲಿ ಸಲೀಸಾಗಿ ಜಾರಿಬರುತ್ತದೆ. ಮೂರನೆಯದು ನೀರಿನದು. ಪೈಪಿನಿಂದ ಮೊದಲು ಬಾಗಿಲಿನ ಬುಡಕ್ಕೆ ಮಾತ್ರ ನೀರು ಬಿಡಬೇಕು. ಕೆಲವು ನಿಮಿಷ ಕಾದು ಒಳಗೆ ನೋಡಿ, ಆಮೇಲೆ ನಿಧಾನವಾಗಿ ಮೇಲಕ್ಕೆ ಸಾಗಬೇಕು. ಮೇಲಿನಿಂದ ಆರಂಭಿಸಿದರೆ ನೀರು ಎಲ್ಲ ಸಂದುಗಳ ಮೇಲೂ ಏಕಕಾಲಕ್ಕೆ ಇಳಿದು, ಅಪರಾಧಿ ಯಾರೆಂಬುದೇ ತಿಳಿಯುವುದಿಲ್ಲ. ನೀರು ಕಾಣಿಸಿದ ಜಾಗವೇ ನೀರು ನುಗ್ಗಿದ ಜಾಗವಲ್ಲ ಎಂಬುದನ್ನು ಹಂಚಿನ ಮನೆಯಲ್ಲಿ ಬಾಳಿದವರಿಗೆ ಹೇಳಬೇಕಾಗಿಲ್ಲ.

ಇನ್ನು ದುರಸ್ತಿಯ ಕ್ರಮ. ಇಲ್ಲಿ ನಮ್ಮ ಮಲೆನಾಡಿನ ಹಳೆಯ ಮನೆಗಳು ಒಂದು ಪಾಠ ಹೇಳುತ್ತವೆ. ಆ ಮನೆಗಳ ಮರದ ಬಾಗಿಲಿಗೆ ರಬ್ಬರಿರಲಿಲ್ಲ, ಸಂದುಗಳು ಧಾರಾಳವಾಗಿದ್ದವು. ಆದರೂ ಆಷಾಢದ ಮಳೆ ಒಳಗೆ ಬರುತ್ತಿರಲಿಲ್ಲ, ಏಕೆಂದರೆ ನೀರು ಬಾಗಿಲನ್ನು ಮುಟ್ಟದಂತೆ ಅಗಲವಾದ ಸೂರು ಕಾಯುತ್ತಿತ್ತು. ಗಾಳಿಯೊಡನೆ ಬರುವ ಎರಚಲಿಗೆ ಮಳೆಗಾಲದ ಮುಂಚೆಯೇ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಮೊದಲು ನೀರನ್ನು ದೂರವಿಡು, ಬಂದ ನೀರಿಗೆ ಹರಿಯುವ ದಾರಿ ಕೊಡು, ಉಳಿದುದನ್ನು ಮಾತ್ರ ತಡೆ. ಕಟ್ಟಡಶಾಸ್ತ್ರ ಇಂದಿಗೂ ಹೇಳುವುದು ಇದನ್ನೇ.

ಬಸ್ಸಿಗೆ ಅಗಲವಾದ ಸೂರು ಕಟ್ಟಲಾಗದು. ಆದರೆ ಬಾಗಿಲಿನ ತಲೆಯ ಮೇಲೆ ಚಾವಣಿಯ ನೀರನ್ನು ಪಕ್ಕಕ್ಕೆ ಹಾಯಿಸುವ ಒಂದು ಪಟ್ಟಿ ಇರುತ್ತದೆ. ಅದು ಮುರಿದಿದ್ದರೆ, ಅಥವಾ ಅದರ ಬೆಸುಗೆ ಬಿಟ್ಟಿದ್ದರೆ, ಮೊದಲ ಕೆಲಸ ಅಲ್ಲಿಯೇ. ಪಟ್ಟಿಯನ್ನು ಬ್ಯೂಟೈಲ್ ಟೇಪಿನ ಮೇಲೆ ಕೂರಿಸಿ ತಿರುಪು ಬಿಗಿಯಬೇಕು. ಎರಡನೆಯ ಕೆಲಸ ಕದವನ್ನು ನೇರಮಾಡುವುದು. ಹತ್ತು ಹದಿನೈದು ವರ್ಷ ಮಕ್ಕಳು ಹತ್ತಿಳಿದ ಬಾಗಿಲಿನ ಕೀಲು ಸವೆದಿರುತ್ತದೆ, ಕದ ಜೋತಿರುತ್ತದೆ, ಹಿಡಿಕೆಯಿಂದ ಬರುವ ಸರಳು ಸಡಿಲವಾಗಿರುತ್ತದೆ. ಓರೆಯಾದ ಕದಕ್ಕೆ ಎಷ್ಟು ದಪ್ಪ ರಬ್ಬರು ಹಚ್ಚಿದರೂ ಒಂದು ಮೂಲೆ ಒತ್ತೀತು, ಇನ್ನೊಂದು ಮೂಲೆ ಬಾಯಿ ಬಿಟ್ಟೀತು. ಬಸ್ಸು ನಿಂತ ನೆಲವೂ ಸಮವಾಗಿರಬೇಕು. ಒಂದು ಚಕ್ರ ತಗ್ಗಿನಲ್ಲಿದ್ದರೆ ಇಡೀ ಮೈ ತುಸು ತಿರುಚಿಕೊಂಡು ಬಾಗಿಲಿನ ಚೌಕಟ್ಟೂ ತಿರುಚುತ್ತದೆ.

ಈ ಎರಡು ಆದ ಬಳಿಕವೇ ರಬ್ಬರು. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆ ಬೀಡಿಂಗ್ ಎಂದೇ ಹೆಸರು. ಬಿಸಿಲು ಮಳೆಗೆ ಬಾಳುವ ರಬ್ಬರೆಂದರೆ ಇಪಿಡಿಎಂ, ಕಾರುಗಳ ಬಾಗಿಲಿಗೂ ಅದನ್ನೇ ಬಳಸುತ್ತಾರೆ. ಒಳಗೆ ಟೊಳ್ಳಾಗಿರುವ ಕೊಳವೆಯಂಥ ಬೀಡಿಂಗು ಒತ್ತಿದಾಗ ತಗ್ಗಿ, ಬಿಟ್ಟಾಗ ಉಬ್ಬುತ್ತದೆ. ಅದನ್ನು ಅಂಟಿಸುವ ಮುಂಚೆ ಹಳೆಯ ಅಂಟನ್ನೂ ತುಕ್ಕನ್ನೂ ಪೂರ್ತಿಯಾಗಿ ಕೆರೆದು ತೆಗೆಯಬೇಕು. ಬಾಗಿಲಿನ ಬುಡದಲ್ಲಿ ಮೆಟ್ಟಿಲಿಗೆ ಉಜ್ಜುವೆಡೆ ಬ್ರಷ್ ಪಟ್ಟಿಯೋ ರಬ್ಬರಿನ ನಾಲಿಗೆಯೋ ಸಾಕು. ಅಲ್ಲಿ ನೀರು ಹೊರಹೋಗುವ ಸಣ್ಣ ದಾರಿಯನ್ನು ಮುಚ್ಚಬಾರದು. ಇಪಿಡಿಎಂ ರಬ್ಬರಿಗೆ ಪೆಟ್ರೋಲಿಯಂ ಎಣ್ಣೆ, ಗ್ರೀಸು ಆಗಿಬರುವುದಿಲ್ಲ. ಸವರಬೇಕೆಂದರೆ ಸಿಲಿಕೋನ್ ಗ್ರೀಸು ಸವರಬೇಕು. ಟ್ಯೂಬಿನ ಅಂಟಿಗೂ ಒಂದು ಸ್ಥಾನವುಂಟು. ಗಾಜು ಚೌಕಟ್ಟನ್ನು ಕೂಡುವಲ್ಲಿ, ತಗಡು ತಗಡನ್ನು ಕೂಡುವಲ್ಲಿ, ಅಂದರೆ ಅಲುಗಾಡದ ಸಂದುಗಳಲ್ಲಿ ಅದು ಯೋಗ್ಯ. ಅಲುಗಾಡುವ ಸಂದಿಗೆ ಅದನ್ನು ಬಳಿದರೆ ಒಂದೋ ಅದು ಹರಿಯುತ್ತದೆ, ಇಲ್ಲವೇ ಬಾಗಿಲು ತೆರೆಯದಾಗುತ್ತದೆ. ಹಳೆಯ ಸಿಲಿಕೋನ್ ಅಂಟಿನ ಮೇಲೆ ಹೊಸ ಸಿಲಿಕೋನ್ ಕೂಡ ಸರಿಯಾಗಿ ಹಿಡಿಯದು. ಆದ್ದರಿಂದ ಅವಸರದ ದುರಸ್ತಿ ಮುಂದಿನ ದುರಸ್ತಿಯನ್ನು ಕಷ್ಟವಾಗಿಸುತ್ತದೆ.

ಬಾಗಿಲು ತೆರೆಯದಿದ್ದರೇನಂತೆ, ಹಿಂದೆ ಇನ್ನೊಂದು ಬಾಗಿಲಿದೆಯಲ್ಲ ಎನ್ನುವವರುಂಟು. ಶಾಲಾ ಬಸ್ಸಿನ ಹಿಂಬದಿಯಲ್ಲಿ ತುರ್ತು ಬಾಗಿಲು ಇರುವುದು ನಿಜ. ಆದರೆ ಬಸ್ಸನ್ನು ಮನೆಯಾಗಿಸುವವರು ಮಂಚವನ್ನು ಹೆಚ್ಚಾಗಿ ಹಾಕುವುದು ಅಲ್ಲಿಯೇ, ಅದರ ಕೆಳಗೆ ನೀರಿನ ತೊಟ್ಟಿ, ಬ್ಯಾಟರಿ, ಪೆಟ್ಟಿಗೆಗಳು. ಒಲೆಯಿರುವುದು ನಡುವೆ. ಬೆಂಕಿ ಹತ್ತಿದರೆ ಓಡಲು ಉಳಿಯುವುದು ಮುಂದಿನ ಬಾಗಿಲೊಂದೇ. ಸೋರುವ ಬಾಗಿಲಿನಿಂದ ನೆಲ ಕೆಡುತ್ತದೆ, ತೆರೆಯದ ಬಾಗಿಲಿನಿಂದ ಜೀವ ಹೋಗುತ್ತದೆ. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಸಂಪೂರ್ಣವಾಗಿ ಮುಚ್ಚಬೇಕೆಂಬ ಹಟವೂ ಅಪಾಯವೇ. ನಮ್ಮ ಅಡುಗೆಮನೆಯ ಕುಕ್ಕರನ್ನು ನೋಡಿ. ಅದಕ್ಕೆ ಗ್ಯಾಸ್ಕೆಟ್ ಇದೆ, ಜೊತೆಗೆ ವೆಯ್ಟೂ ಇದೆ, ಅದೂ ಕೈಕೊಟ್ಟರೆ ಎಂದು ಸೇಫ್ಟಿ ವಾಲ್ವೂ ಇದೆ. ಬಿಗಿಯಾಗಿ ಮುಚ್ಚುವುದು, ಬಿಡಬೇಕಾದ್ದನ್ನು ಬಿಡುವುದು, ಎರಡೂ ಸೇರಿದರೇ ಕುಕ್ಕರು. ಬಸ್ಸಿನ ಮನೆಗೂ ಅದೇ ನ್ಯಾಯ. ಎಲ್ಲ ಸಂದನ್ನೂ ಮುಚ್ಚಿ ಒಳಗೆ ಅನಿಲದ ಒಲೆ ಹಚ್ಚಿ ಮಲಗಿದರೆ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಯಾರನ್ನೂ ಎಚ್ಚರಿಸದೆ ಕೊಲ್ಲುತ್ತದೆ. ಬೇಕಾದ ಗಾಳಿ ನಾವು ಗೊತ್ತುಮಾಡಿದ ಕಿಂಡಿಯಿಂದ ಬರಬೇಕು, ಬಾಗಿಲಿನ ಹರಕು ಸಂದಿನಿಂದಲ್ಲ. ಗ್ಯಾಸ್ಕೆಟ್ ಸಡಿಲವಾಯಿತೆಂದು ಕುಕ್ಕರಿನ ಮುಚ್ಚಳವನ್ನೇ ಅಂಟಿಸಿಬಿಡುವ ಗೃಹಿಣಿಯನ್ನು ಯಾರೂ ಕಂಡಿಲ್ಲ. ಅವರು ಒಂದೆರಡು ದಿನ ಅದನ್ನು ಫ್ರೀಜರಿನಲ್ಲಿಟ್ಟು ಸುಧಾರಿಸುತ್ತಾರೆ, ಆಮೇಲೆ ಅಂಗಡಿಗೆ ಹೋಗಿ ಹೊಸದನ್ನು ತರುತ್ತಾರೆ. ಈ ವಿವೇಕವೇ ನಾವು ಹೇಳಬಯಸುವುದು.

ನಮ್ಮ ವಾದಕ್ಕೆ ಎರಡು ಆಕ್ಷೇಪಗಳಿವೆ, ಎರಡರಲ್ಲೂ ಹುರುಳಿದೆ. ಮೊದಲನೆಯದು: ಈ ಹಳೆಯ ಬಾಗಿಲಿನ ಸಹವಾಸವೇ ಬೇಡ, ಅದನ್ನು ಕಿತ್ತು ಮನೆಯ ಬಾಗಿಲನ್ನೇ ಕೂರಿಸಿಬಿಡಿ. ಹಲವರು ಹಾಗೆ ಮಾಡಿದ್ದಾರೆ. ಒಂದೇ ಊರಿನಲ್ಲಿ ನಿಲ್ಲುವ ಬಸ್ಸಿಗೆ ಅದು ಒಳ್ಳೆಯ ದಾರಿಯೆಂದು ನಾವೂ ಒಪ್ಪುತ್ತೇವೆ. ಆದರೆ ಓಡುವ ಬಸ್ಸಿನ ಮೈ ನಡುಗುತ್ತದೆ, ಬಾಗುತ್ತದೆ. ನಿಂತ ಗೋಡೆಗೆಂದು ಮಾಡಿದ ಚೌಕಟ್ಟು ಆ ನಡುಕವನ್ನು ತಾಳಿಕೊಳ್ಳಲು ಹೆಚ್ಚಿನ ಉಕ್ಕಿನ ಆಸರೆ ಬೇಡುತ್ತದೆ. ಆಗಲೂ ಅದರ ಅಂಚಿನಲ್ಲಿ ರಬ್ಬರೇ ಇರುತ್ತದೆ, ಅದಕ್ಕೂ ವಯಸ್ಸಾಗುತ್ತದೆ. ಎರಡನೆಯ ಆಕ್ಷೇಪ: ನಾಲ್ಕು ಹನಿ ನೀರಿಗೆ ಇಷ್ಟು ಗದ್ದಲವೇಕೆ, ಮೆಟ್ಟಿಲ ತಗ್ಗನ್ನು ಹಾಗೆಯೇ ಬಿಟ್ಟು ಒಳಗೆ ಇನ್ನೊಂದು ಪರದೆ ಕಟ್ಟಿದರಾಯಿತು. ಇದೂ ಜಾಣತನವೇ. ತಗ್ಗನ್ನು ಹೊರಗಿನ ಜಗಲಿಯೆಂದು ಬಗೆದು, ಅಲ್ಲಿ ಚಪ್ಪಲಿ ಬಿಟ್ಟು, ಒಳಗಿನ ಬಾಗಿಲಿನಿಂದ ಮನೆಯನ್ನು ಆರಂಭಿಸಬಹುದು. ಆದರೆ ಆ ತಗ್ಗು ಒಣಗುವಂತೆ ಇಟ್ಟವರಿಗೆ ಮಾತ್ರ ಈ ಮಾತು ಸಲ್ಲುತ್ತದೆ, ಪ್ಲೈವುಡ್ ಹೊದಿಸಿ ಮರೆತವರಿಗಲ್ಲ.

ರಬ್ಬರಿಗೆ ವಯಸ್ಸಾಗುತ್ತದೆ ಎಂದೆವು. ಬಹುಕಾಲ ಒತ್ತಿಸಿಕೊಂಡೇ ಇದ್ದ ರಬ್ಬರು, ಒತ್ತಡ ತೆಗೆದಾಗ ಮರಳಿ ಉಬ್ಬುವ ಶಕ್ತಿಯನ್ನು ಮೆಲ್ಲಮೆಲ್ಲನೆ ಕಳೆದುಕೊಳ್ಳುತ್ತದೆ. ಬಿಸಿಲು ಅದನ್ನು ಸೀಳಿಸುತ್ತದೆ, ಚಳಿ ಅದನ್ನು ಬಿರುಸಾಗಿಸುತ್ತದೆ. ಇದನ್ನು ಅಲಕ್ಷಿಸಿದರೆ ಏನಾದೀತು ಎಂಬುದಕ್ಕೆ ಚರಿತ್ರೆಯಲ್ಲಿ ಘೋರವಾದ ನಿದರ್ಶನವಿದೆ. 1986ರ ಜನವರಿ 28ರಂದು ಚಾಲೆಂಜರ್ ಎಂಬ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಮಂದಿ ಸತ್ತರು. ರಾಕೆಟ್ಟಿನ ಕೀಲುಗಳನ್ನು ಮುಚ್ಚಬೇಕಿದ್ದ ರಬ್ಬರಿನ ಉಂಗುರ ಆ ಬೆಳಗಿನ ಚಳಿಗೆ ಬಿರುಸಾಗಿ, ಸಂದನ್ನು ಸಮಯಕ್ಕೆ ಸರಿಯಾಗಿ ತುಂಬಲಿಲ್ಲ. ವಿಜ್ಞಾನಿ ರಿಚರ್ಡ್ ಫೈನ್‌ಮನ್ ವಿಚಾರಣೆಯ ವೇಳೆ ಆ ರಬ್ಬರಿನ ತುಂಡನ್ನು ಹಿಮದ ನೀರಿನ ಲೋಟದಲ್ಲಿ ಅದ್ದಿ ತೆಗೆದು, ಅದು ಮರಳಿ ಉಬ್ಬುವುದಿಲ್ಲವೆಂದು ಎಲ್ಲರೆದುರು ತೋರಿಸಿದರು. ಬಸ್ಸಿನ ಬಾಗಿಲಿಗೂ ರಾಕೆಟ್ಟಿಗೂ ಹೋಲಿಕೆಯೇ ಎಂದು ನಗಬಹುದು. ಪರಿಣಾಮದಲ್ಲಿ ಹೋಲಿಕೆಯಿಲ್ಲ. ಆದರೆ ರಬ್ಬರು ಸೋಲುವ ಬಗೆ ಎರಡೆಡೆಯೂ ಒಂದೇ, ಅದನ್ನು ಚಿಕ್ಕದೆಂದು ಬಗೆಯುವ ಮನಸ್ಸೂ ಒಂದೇ.

ಇದೆಲ್ಲ ಅಮೆರಿಕದ ಕಥೆ, ನಮಗೇಕೆ ಎಂದು ಓದುಗರು ಕೇಳಬಹುದು. ನಮ್ಮಲ್ಲಿ ಖಾಸಗಿ ವ್ಯಕ್ತಿಗಳು ಬಸ್ಸನ್ನು ಮನೆಯಾಗಿಸಿಕೊಳ್ಳುವುದು ಸುಲಭವಲ್ಲ. ಮೋಟಾರು ವಾಹನ ಕಾಯಿದೆ, 1988ರ 52ನೆಯ ಕಲಮು ವಾಹನದ ರೂಪ ಬದಲಿಸುವುದಕ್ಕೆ ಬಿಗಿಯಾದ ಮಿತಿಗಳನ್ನು ಹಾಕಿದೆ. ಆದರೆ ಸಾರ್ವಜನಿಕ ಸಂಸ್ಥೆಗಳು ಹಳೆಯ ಬಸ್ಸುಗಳಿಗೆ ಎರಡನೆಯ ಜನ್ಮ ಕೊಡುವುದು ನಮ್ಮಲ್ಲಿಯೂ ನಡೆದಿದೆ. ಪುಣೆಯಲ್ಲಿ ಹಳೆಯ ಬಸ್ಸುಗಳು 'ತೀ' ಎಂಬ ಹೆಸರಿನ ಮಹಿಳಾ ಶೌಚಾಲಯಗಳಾದವು. ಮರಾಠಿಯಲ್ಲಿ ಆ ಶಬ್ದಕ್ಕೆ 'ಅವಳು' ಎಂದರ್ಥ. 2020ರಲ್ಲಿ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಹಳೆಯ ಬಸ್ಸೊಂದನ್ನು ಮಹಿಳೆಯರ ಶೌಚಾಲಯವಾಗಿ ನಿಲ್ಲಿಸಿತು. ಅದೇ ವರ್ಷ ಕೇರಳದ ಸಾರಿಗೆ ನಿಗಮವು ಮುನ್ನಾರಿನಲ್ಲಿ ಹಳೆಯ ಬಸ್ಸುಗಳಲ್ಲಿ ಮಲಗುವ ವ್ಯವಸ್ಥೆ ಮಾಡಿ, ತಲೆಗೆ 100 ರೂಪಾಯಿಯಂತೆ ಪ್ರವಾಸಿಗರಿಗೆ ಕೊಡತೊಡಗಿತು. ಇವೆಲ್ಲ ಸ್ತುತ್ಯವಾದ ಕೆಲಸಗಳು, ಮೆಚ್ಚುಗೆಗೆ ನಮ್ಮಲ್ಲಿ ಕಂಜೂಸಿಯಿಲ್ಲ.

ಆ ಮೆಚ್ಚುಗೆಯ ಬೆನ್ನಿಗೇ ಒಂದು ಪ್ರಶ್ನೆಯನ್ನೂ ಕೇಳಬೇಕೆಂದು ನಮಗೆ ತೋರುತ್ತದೆ. ಸಹ್ಯಾದ್ರಿಯ ಮಳೆಯಲ್ಲಿ ನಿಂತ ಬಸ್ಸಿನ ಬಾಗಿಲಿನ ಬೀಡಿಂಗನ್ನು ಯಾರು, ಎಷ್ಟು ದಿನಕ್ಕೊಮ್ಮೆ, ಯಾವ ಹಣದಿಂದ ಬದಲಾಯಿಸಬೇಕು? ಶೌಚಾಲಯವಾದ ಬಸ್ಸಿನಲ್ಲಿ ಬಾಗಿಲೆಂದರೆ ಮಳೆಯ ಪ್ರಶ್ನೆ ಮಾತ್ರವಲ್ಲ. ಅದು ಸರಿಯಾಗಿ ಮುಚ್ಚಿಕೊಳ್ಳದಿದ್ದರೆ, ಚಿಲಕ ಕೂರದಿದ್ದರೆ, ಯಾವ ಹೆಣ್ಣುಮಗಳೂ ಒಳಗೆ ಕಾಲಿಡುವುದಿಲ್ಲ. ಉಳಿದೆಲ್ಲ ಸುಸಜ್ಜಿತವಾಗಿದ್ದರೂ ಆ ಬಸ್ಸು ಅಂದಿನಿಂದ ಮತ್ತೆ ಗುಜರಿಯೇ. ಹಾಗೆಯೇ ಅದು ಒಳಗಿನಿಂದ ಸಲೀಸಾಗಿ ತೆರೆಯದಿದ್ದರೆ, ಒಮ್ಮೆ ಒಳಗೆ ಸಿಕ್ಕಿ ಹೆದರಿದವರು ಮತ್ತೆ ಬರುವುದಿಲ್ಲ. ಮುಚ್ಚಬೇಕು, ತೆರೆಯಲೂಬೇಕು. ಆ ಎರಡರ ನಡುವೆ ಇರುವುದು ಒಂದು ಕೀಲು, ಒಂದು ಚಿಲಕ, ಕೆಲವು ಅಡಿ ರಬ್ಬರು.

ಕಡತಗಳ ನಡುವೆ ದಿನ ಕಳೆಯುವ ನಮಗೆ ಈ ಪ್ರಶ್ನೆಯ ಉತ್ತರ ಎಲ್ಲಿ ಕಳೆದುಹೋಗುತ್ತದೆಂಬುದು ಗೊತ್ತು. ಯಾವುದೇ ಯೋಜನೆಯ ಅಂದಾಜುಪಟ್ಟಿಯಲ್ಲಿ ಹೊಸದಾಗಿ ಮಾಡುವುದಕ್ಕೆ ಒಂದು ಮೊತ್ತವಿರುತ್ತದೆ. ಅದಕ್ಕೆ ಮಂಜೂರಾತಿ ಬರುತ್ತದೆ, ಉದ್ಘಾಟನೆಯ ಫಲಕ ಬರುತ್ತದೆ, ಛಾಯಾಚಿತ್ರ ಬರುತ್ತದೆ. ಪಾಲನೆಗೆಂದು ವರ್ಷವರ್ಷ ಬೇಕಾಗುವ ಸಣ್ಣ ಮೊತ್ತಕ್ಕೆ ಫಲಕವೂ ಇಲ್ಲ, ಛಾಯಾಚಿತ್ರವೂ ಇಲ್ಲ. ಕತ್ತರಿ ಬೀಳುವಾಗ ಅದು ಮೊದಲ ಸಾಲಿನಲ್ಲಿ ನಿಂತಿರುತ್ತದೆ. ನಮ್ಮ ಕಚೇರಿಗಳ ಭಾಷೆಯಲ್ಲಿ 'ಸೀಲು' ಎಂದರೆ ಮೊಹರು. ಬಸ್ಸಿನ ಬಾಗಿಲಿನ ಭಾಷೆಯಲ್ಲಿ ಸೀಲು ಎಂದರೆ ಬೀಡಿಂಗು. ಎರಡೂ ರಬ್ಬರೇ. ಮೊದಲನೆಯದನ್ನು ಒಮ್ಮೆ ಒತ್ತಿದರೆ ಕೆಲಸ ಮುಗಿಯಿತೆಂದು ಅರ್ಥ. ಎರಡನೆಯದು ದಿನದಿನವೂ ಒತ್ತಿಸಿಕೊಳ್ಳುತ್ತ, ಸವೆಯುತ್ತ, ಬದಲಾಗುತ್ತ ಹೋಗಬೇಕು. ಮೊದಲ ಸೀಲಿಗೆ ಕೊಡುವ ಗೌರವದಲ್ಲಿ ಅರ್ಧವನ್ನಾದರೂ ಎರಡನೆಯದಕ್ಕೆ ಕೊಟ್ಟರೆ, ಅನೇಕ ಯೋಜನೆಗಳು ತಮ್ಮ ಎರಡನೆಯ ಮಳೆಗಾಲವನ್ನು ಕಂಡಾವು.

ಆದ್ದರಿಂದ ನಮ್ಮ ಸಲಹೆ ಸರಳ. ಹಳೆಯ ಬಸ್ಸನ್ನು, ಅಥವಾ ಹಳೆಯ ಕಟ್ಟಡವನ್ನು, ಇನ್ನೊಂದು ಕೆಲಸಕ್ಕೆ ಮಾರ್ಪಡಿಸುವ ಪ್ರಸ್ತಾವ ಎಲ್ಲಿಯೇ ಬರಲಿ, ಅದರ ಮೊದಲ ಪುಟದಲ್ಲಿಯೇ ಬಾಗಿಲುಗಳ ಬಗ್ಗೆ ಮೂರು ಸಾಲು ಇರಲಿ. ಈ ಬಾಗಿಲು ಮೊದಲು ಯಾರಿಗಾಗಿ ಇತ್ತು, ಈಗ ಯಾರಿಗಾಗಿ, ಪ್ರತಿ ಮಳೆಗಾಲದ ಮುಂಚೆ ಇದನ್ನು ನೋಡುವ ಹೊಣೆ ಯಾರದು. ಈ ಮೂರಕ್ಕೆ ಉತ್ತರವಿಲ್ಲದ ಪ್ರಸ್ತಾವಕ್ಕೆ ಮಂಜೂರಾತಿ ಕೊಡುವುದು, ಟವೆಲು ಹಾಸಿದ ನೆಲಕ್ಕೆ ಹೊಸ ಬಣ್ಣ ಬಳಿದಂತೆ. ಹೊಣೆ ಹೊತ್ತವರ ಕೈಗೆ ಒಂದು ಟಾರ್ಚು, ಒಂದು ಕಾಗದದ ಪಟ್ಟಿ, ಕೆಲವು ಮೀಟರು ಬೀಡಿಂಗು ಕೊಂಡುಕೊಳ್ಳುವ ಅಧಿಕಾರ, ಇಷ್ಟನ್ನು ಕೊಟ್ಟರೆ ಸಾಕು. ಮೇ ತಿಂಗಳ ಕೊನೆಯ ವಾರ ಅವರು ಒಮ್ಮೆ ಬಾಗಿಲು ಮುಚ್ಚಿ ಆ ಪಟ್ಟಿಯನ್ನು ಎಳೆದುನೋಡಲಿ. ಅದು ಬಿಗಿಯಾಗಿ ಬಂದರೆ ಜೂನ್ ತಿಂಗಳನ್ನು ನಿಶ್ಚಿಂತೆಯಿಂದ ಎದುರುನೋಡಬಹುದು.